ಕಾಲೇಜು ಕ್ರೀಡೆಯನ್ನು ನಡೆಸುವವರು ಎಲ್ಲಿಂದ ಬರುತ್ತಾರೆ?

ಮಾನ್ಯ ಸಂಪಾದಕರೇ,

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಪಡೆದು ಓದುವ ನಮ್ಮ ದೇಶದ ಕ್ರೀಡಾಪಟುಗಳ ಸುದ್ದಿ ಕ್ರೀಡಾ ಪುಟಗಳಲ್ಲಿ ಆಗಾಗ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಅವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ 2006ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾಕೂಟದ ಡಿಸ್ಕಸ್ ಎಸೆತದಲ್ಲಿ ಚಾಂಪಿಯನ್ ಆದರು; ಮುಂದೆ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದ ತೇಜಸ್ವಿನ್ ಶಂಕರ್ 2018ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಎತ್ತರ ಜಿಗಿತದಲ್ಲಿ ಅದೇ ಗೌರವ ಪಡೆದರು. ಆದರೆ ಇಂಥ ವಿದ್ಯಾರ್ಥಿಗಳಿಗೆ ಮೈದಾನ, ತರಬೇತುದಾರ, ವಿದ್ಯಾರ್ಥಿವೇತನ, ಓದಿಗೆ ನೆರವು ಎಲ್ಲವನ್ನೂ ಒದಗಿಸುವ ಕಚೇರಿಯ ಬಗ್ಗೆ, ಆ ಕಚೇರಿಯ ಮುಖ್ಯಸ್ಥರು ಯಾವ ದಾರಿ ಸವೆಸಿ ಅಲ್ಲಿಗೆ ಬಂದವರು ಎಂಬುದರ ಬಗ್ಗೆ, ನಮ್ಮ ಪತ್ರಿಕೆಗಳಲ್ಲಿ ನಾನು ಹೆಚ್ಚೇನೂ ಓದಿಲ್ಲ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ದುಡಿದು ನಿವೃತ್ತಳಾದ ನನಗೆ ಇದು ಬದಿಗೆ ಸರಿಸುವ ವಿಷಯವಲ್ಲ. ಯಾವ ಆಟಕ್ಕೆ ಹಣ ಕೊಡಬೇಕು, ಯಾವ ತಂಡವನ್ನು ಉಳಿಸಬೇಕು, ಹೆಣ್ಣುಮಕ್ಕಳಿಗೆ ಸಂಜೆ ಹೊತ್ತು ಮೈದಾನ ಸಿಗುತ್ತದೆಯೋ ಇಲ್ಲವೋ ಎಂಬುದೆಲ್ಲ ಆ ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿರುತ್ತದೆ, ಮತ್ತು ಅವರು ಬೆಳೆದು ಬಂದ ಬಗೆ ಅವರ ತೀರ್ಮಾನಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಅಮೆರಿಕದಲ್ಲಿ ಈ ಹುದ್ದೆಗೆ ಅಥ್ಲೆಟಿಕ್ ಡೈರೆಕ್ಟರ್ ಎನ್ನುತ್ತಾರೆ. ತರಬೇತುದಾರರನ್ನು ನೇಮಿಸುವುದು, ಬಜೆಟ್ ಮಾಡುವುದು, ದಾನಿಗಳಿಂದ ಹಣ ಕೂಡಿಸುವುದು, ಆಟಗಾರರು ತರಗತಿಗೆ ಹೋಗಿ ಪಾಸಾಗುತ್ತಿದ್ದಾರೆಯೇ ಎಂದು ನೋಡುವುದು, ಕಾನೂನು ಪಾಲಿಸುವುದು ಎಲ್ಲವೂ ಅವರ ಹೊಣೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅವರು ನೇರವಾಗಿ ಅಧ್ಯಕ್ಷರಿಗೆ ಉತ್ತರ ಕೊಡಬೇಕು. ಈ ಹುದ್ದೆ ಮೊದಲು ತರಬೇತುದಾರರ ಕೈಯಲ್ಲೇ ಇತ್ತು. ಷಿಕಾಗೊ ವಿಶ್ವವಿದ್ಯಾಲಯ 1892ರಲ್ಲಿ ಎಮಸ್ ಅಲೊಂಜೊ ಸ್ಟ್ಯಾಗ್ ಅವರನ್ನು ಪ್ರಾಧ್ಯಾಪಕ ಶ್ರೇಣಿ ಕೊಟ್ಟು ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿಕೊಂಡಿತು. ನಲವತ್ತು ವರ್ಷ ಅವರೇ ತಂಡವನ್ನು ತಯಾರು ಮಾಡಿದರು, ಅವರೇ ಆಡಳಿತವನ್ನೂ ನೋಡಿಕೊಂಡರು. ಆಮೇಲೆ ಕೆಲಸ ಬೆಳೆದು, ಆಡಳಿತವೇ ಬೇರೊಂದು ವೃತ್ತಿಯಾಯಿತು. 1965ರಲ್ಲಿ ಈ ನಿರ್ದೇಶಕರದ್ದೇ ರಾಷ್ಟ್ರೀಯ ಸಂಘ ಹುಟ್ಟಿತು. 1966ರಲ್ಲಿ ಒಹಾಯೊ ವಿಶ್ವವಿದ್ಯಾಲಯ ಕ್ರೀಡಾ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಆರಂಭಿಸಿತು. ಸಹಾಯಕ, ಸಹ, ಉಪ ನಿರ್ದೇಶಕ ಹೀಗೆ ಮೆಟ್ಟಿಲುಗಳಿರುವ, ಒಂದೊಂದು ಮೆಟ್ಟಿಲಿನಲ್ಲೂ ಬೇರೆಬೇರೆ ಕೆಲಸ ಕಲಿಸುವ ದಾರಿಯೊಂದು ಅಲ್ಲಿ ಸಿದ್ಧವಾಯಿತು.

ಆ ದಾರಿ ಹೇಗಿರುತ್ತದೆಂದು ತಿಳಿಯಲು ಜೀನ್ ಸ್ಮಿತ್ ಅವರ ವೃತ್ತಿಬದುಕನ್ನು ನೋಡಬಹುದು. ಅವರು 1973ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ನೋಟರ್ ಡೇಮ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರ. ಅದೇ ತಂಡ 1977ರಲ್ಲಿ ಮತ್ತೆ ಗೆದ್ದಾಗ ಸಹಾಯಕ ತರಬೇತುದಾರ. ನಂತರ ಕೆಲಕಾಲ ಐಬಿಎಂ ಕಂಪನಿಯಲ್ಲಿ ದುಡಿದರು. 1980ರ ದಶಕದ ಮಧ್ಯದಲ್ಲಿ ಈಸ್ಟರ್ನ್ ಮಿಷಿಗನ್ ಎಂಬ ಸಾಧಾರಣ ಆದಾಯದ ವಿಶ್ವವಿದ್ಯಾಲಯದಲ್ಲಿ ನಿರ್ದೇಶಕರಾಗಿ, ಅಲ್ಲಿಂದ ಅಯೋವಾ ಸ್ಟೇಟ್‌ಗೆ, ಆಮೇಲೆ ಅರಿಜೋನಾ ಸ್ಟೇಟ್‌ಗೆ ಹೋಗಿ, 2005ರಿಂದ 2024ರವರೆಗೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೂವತ್ತಾರು ತಂಡಗಳ ಹೊಣೆ ಹೊತ್ತರು. ಒಬ್ಬ ಕಪ್ಪು ವರ್ಣೀಯ ಅಧಿಕಾರಿ ಅಷ್ಟು ದೊಡ್ಡ ಹುದ್ದೆಯಲ್ಲಿ ಅಷ್ಟು ಕಾಲ ಉಳಿದದ್ದು ಆ ದೇಶದಲ್ಲಿ ಇಂದಿಗೂ ಸಾಮಾನ್ಯ ಸಂಗತಿಯಲ್ಲ. ಅವರ ಅವಧಿಯಲ್ಲಿ ತಪ್ಪುಗಳಾಗಲಿಲ್ಲವೆಂದಲ್ಲ. ಆಟಗಾರರು ನಿಯಮ ಮೀರಿ ಲಾಭ ಪಡೆದ ಪ್ರಕರಣದಲ್ಲಿ 2011ರಲ್ಲಿ ಫುಟ್‌ಬಾಲ್ ತರಬೇತುದಾರರು ರಾಜೀನಾಮೆ ಕೊಡಬೇಕಾಯಿತು, ಸ್ಮಿತ್ ಅವರೂ ಟೀಕೆಗೆ ಗುರಿಯಾದರು. ಆದರೂ ಮೈದಾನ, ಮಾರುಕಟ್ಟೆ, ಸಣ್ಣ ಸಂಸ್ಥೆ, ದೊಡ್ಡ ಸಂಸ್ಥೆ ಎಲ್ಲವನ್ನೂ ಕಂಡ ಮೇಲೆ ಆ ಕುರ್ಚಿಗೆ ಬಂದವರು ಅವರು ಎಂಬುದು ನಾನು ಮುಖ್ಯವೆಂದು ತಿಳಿಯುವ ವಿಷಯ.

ಇದೇ ಕಥೆಯಲ್ಲಿ ಹೆಣ್ಣುಮಕ್ಕಳ ಅಧ್ಯಾಯವೊಂದಿದೆ. ಅದನ್ನು ನಮ್ಮ ನಾಡಿನ ಓದುಗರು ಸ್ವಲ್ಪ ವಿವರವಾಗಿ ತಿಳಿಯಬೇಕೆಂದೇ ಮುಖ್ಯವಾಗಿ ಈ ಪತ್ರ ಬರೆಯುತ್ತಿದ್ದೇನೆ. 1970ರ ದಶಕದ ಆರಂಭದವರೆಗೂ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘಟನೆಯಾದ ಎನ್‌ಸಿಎಎ ಗಂಡಸರ ಕ್ರೀಡೆಯನ್ನು ಮಾತ್ರ ನೋಡಿಕೊಳ್ಳುತ್ತಿತ್ತು. ಮಹಿಳೆಯರ ಕ್ರೀಡೆಯನ್ನು ಕಟ್ಟಿದವರು ಬಹುಮಟ್ಟಿಗೆ ಮಹಿಳಾ ದೈಹಿಕ ಶಿಕ್ಷಣ ಅಧ್ಯಾಪಕಿಯರು. ಅವರು 1971ರಲ್ಲಿ ಎಐಎಡಬ್ಲ್ಯು ಎಂಬ ತಮ್ಮದೇ ಸಂಘ ಸ್ಥಾಪಿಸಿದರು. 1972ರ ಜೂನ್‌ನಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಟೈಟಲ್ ನೈನ್ ಕಾನೂನು ಬಂದಾಗ ಮಹಿಳಾ ಕ್ರೀಡಾ ವಿಭಾಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳ ಮುಖ್ಯಸ್ಥರು ಮಹಿಳೆಯರೇ ಆಗಿದ್ದರು. ಮುಂದಿನ ಹತ್ತು ವರ್ಷಗಳಲ್ಲಿ ಆ ಸಂಘಕ್ಕೆ 900ಕ್ಕೂ ಹೆಚ್ಚು ಕಾಲೇಜುಗಳು ಸೇರಿದವು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ನಡೆದವು. ಮಹಿಳೆಯರು ಅಧ್ಯಕ್ಷರಾದರು, ನಿಯಮ ಬರೆದರು, ಟಿ.ವಿ. ಒಪ್ಪಂದಗಳ ಮಾತುಕತೆ ನಡೆಸಿದರು.

ಅಯೋವಾ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಗ್ರಾಂಟ್ ಈ ಪೀಳಿಗೆಯವರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವರು ಮೊದಲು ದೈಹಿಕ ಶಿಕ್ಷಣದ ಶಿಕ್ಷಕಿ, ಹಾಕಿ ತರಬೇತುದಾರ್ತಿ. 1973ರಲ್ಲಿ ಅಯೋವಾದ ಮಹಿಳಾ ಕ್ರೀಡಾ ವಿಭಾಗದ ನಿರ್ದೇಶಕಿಯಾಗಿ 2000ದವರೆಗೆ ಆ ಹುದ್ದೆಯಲ್ಲಿದ್ದರು. ಅವರು ನೇಮಿಸಿದ ತರಬೇತುದಾರ್ತಿ ವಿವಿಯನ್ ಸ್ಟ್ರಿಂಜರ್ ಅವರ ಬ್ಯಾಸ್ಕೆಟ್‌ಬಾಲ್ ತಂಡದ ಆಟ ನೋಡಲು 1985ರ ಫೆಬ್ರುವರಿಯಲ್ಲಿ 22,157 ಜನ ಬಂದರು. ಮಹಿಳೆಯರ ಆಟವನ್ನು ಯಾರೂ ನೋಡುವುದಿಲ್ಲ ಎಂಬ ಮಾತಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಇರಲಿಲ್ಲ. ಮರುವರ್ಷ ಅಯೋವಾದ ಮಹಿಳಾ ಹಾಕಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೋನಾ ಲೊಪಿಯಾನೊ 1975ರಿಂದ 1992ರವರೆಗೆ ಮಾಡಿದ್ದೂ ಇಂಥದ್ದೇ ಕೆಲಸ.

ಆದರೆ ಕಾನೂನು ಬಂದು ಮಹಿಳಾ ಕ್ರೀಡೆಗೆ ಹಣ ಹರಿಯತೊಡಗಿದ ಮೇಲೆ ಎನ್‌ಸಿಎಎ 1981–82ರಲ್ಲಿ ತಾನೇ ಮಹಿಳೆಯರ ದೊಡ್ಡ ಚಾಂಪಿಯನ್‌ಷಿಪ್‌ಗಳನ್ನು ಆರಂಭಿಸಿತು. ಟಿ.ವಿ. ಹಣ, ಪ್ರಯಾಣ ವೆಚ್ಚ ಎಲ್ಲವೂ ಅದರ ಬಳಿ ಇದ್ದವು. ಎಐಎಡಬ್ಲ್ಯು 1982ರಲ್ಲಿ ಚಟುವಟಿಕೆ ನಿಲ್ಲಿಸಿತು. ನ್ಯಾಯಾಲಯಕ್ಕೆ ಹೋದರೂ ಗೆಲ್ಲಲಿಲ್ಲ. ಒಂದೊಂದೇ ವಿಶ್ವವಿದ್ಯಾಲಯ ತನ್ನ ಮಹಿಳಾ ಮತ್ತು ಪುರುಷ ವಿಭಾಗಗಳನ್ನು ಒಂದುಗೂಡಿಸಿತು. ಹೆಚ್ಚಿನ ಕಡೆ ಪುರುಷ ನಿರ್ದೇಶಕರು ಒಟ್ಟು ವಿಭಾಗದ ಮುಖ್ಯಸ್ಥರಾದರು, ಅಲ್ಲಿಯವರೆಗೆ ಸ್ವತಂತ್ರವಾಗಿ ವಿಭಾಗ ನಡೆಸಿದ ಮಹಿಳೆ ಅವರ ಕೈಕೆಳಗಿನ ಅಧಿಕಾರಿಯಾದಳು. ಆಡುವ ಹೆಣ್ಣುಮಕ್ಕಳ ಸಂಖ್ಯೆ ಹಲವು ಪಟ್ಟು ಹೆಚ್ಚಿತು, ಇದನ್ನು ಸಂತೋಷದಿಂದಲೇ ಹೇಳುತ್ತೇನೆ. ಆದರೆ 2014ರ ಹೊತ್ತಿಗೆ ಮಹಿಳೆಯರ ನೇತೃತ್ವದ ವಿಭಾಗಗಳು ನೂರಕ್ಕೆ 22ರಷ್ಟಕ್ಕೆ ಇಳಿದಿದ್ದವು. ಮಹಿಳಾ ತಂಡಗಳ ತರಬೇತುದಾರರಲ್ಲಿ ಮಹಿಳೆಯರ ಪಾಲು ತೊಂಬತ್ತಕ್ಕೂ ಮೇಲಿದ್ದದ್ದು 43ಕ್ಕೆ ಬಂದಿತ್ತು. ಸಮಾನತೆಗೆಂದು ಬಂದ ಕಾನೂನು ಆಟಗಾರ್ತಿಗೆ ಬಾಗಿಲು ತೆರೆಯಿತು, ಆಕೆಯ ಗುರುವಿನ ಕುರ್ಚಿಯನ್ನು ಕಾಪಾಡಲಿಲ್ಲ. ಕಾನೂನು ಮಾಡಿದವರ ಉದ್ದೇಶ ಅದಾಗಿರಲಿಲ್ಲ. ವಿಭಾಗಗಳನ್ನು ಒಂದುಗೂಡಿಸುವಾಗ ಮುಖ್ಯಸ್ಥರು ಯಾರಾಗಬೇಕೆಂದು ಯಾರೂ ಮೊದಲೇ ಯೋಚಿಸದೆ ಇದ್ದುದರಿಂದ ಹೀಗಾಯಿತು ಎಂದು ನಾನು ಭಾವಿಸುತ್ತೇನೆ.

ಆ ದಾರಿ ಪೂರ್ತಿ ಮುಚ್ಚಿಹೋಗಲಿಲ್ಲ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1975ರಲ್ಲೇ ಗಂಡು ಹೆಣ್ಣು ಇಬ್ಬರ ವಿಭಾಗಕ್ಕೂ ನಿರ್ದೇಶಕಿಯಾಗಿದ್ದ ಜೂಡಿ ಸ್ವೀಟ್ 1991ರಲ್ಲಿ ಎನ್‌ಸಿಎಎಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ, ಅಲ್ಲೇ ತರಬೇತಿ ನೀಡಿ, ಡಾಕ್ಟರೇಟ್ ಪಡೆದು, ಆಡಳಿತದಲ್ಲಿ ಹಂತಹಂತವಾಗಿ ಮೇಲೆ ಬಂದ ಕಾರ್ಲಾ ವಿಲಿಯಮ್ಸ್ 2017ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ನಿರ್ದೇಶಕಿಯಾಗಿ ನೇಮಕಗೊಂಡರು. ವಿಶ್ವವಿದ್ಯಾಲಯಗಳು ತಮ್ಮೊಳಗೆ ಪಂದ್ಯ ಆಡಲು ಕಟ್ಟಿಕೊಂಡ ಅಲ್ಲಿನ ಐದು ಅತಿ ದೊಡ್ಡ ಕ್ರೀಡಾ ಒಕ್ಕೂಟಗಳಲ್ಲಿ ಆ ಸ್ಥಾನಕ್ಕೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು. ಕಾನೂನು ಬಂದು ಆ ಹೊತ್ತಿಗೆ ನಲವತ್ತೈದು ವರ್ಷಗಳಾಗಿದ್ದವು.

ಈಚೆಗೆ ಅಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತಿದೆ. ಕಾಲೇಜು ಕ್ರೀಡೆಯ ಒಳಗೆ ಬೆಳೆದವರ ಬದಲು ವ್ಯಾಪಾರ, ಮನರಂಜನೆ, ರಾಜಕೀಯ ಕ್ಷೇತ್ರಗಳಿಂದ ನೇರವಾಗಿ ನಾಯಕರನ್ನು ತರುವುದು ಹೆಚ್ಚಾಗಿದೆ. 2023ರಿಂದ ಎನ್‌ಸಿಎಎ ಅಧ್ಯಕ್ಷರಾಗಿರುವ ಚಾರ್ಲಿ ಬೇಕರ್ ಮ್ಯಾಸಚೂಸೆಟ್ಸ್ ರಾಜ್ಯದ ಮಾಜಿ ಗವರ್ನರ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2025ರಲ್ಲಿ ನೈಕಿ ಕಂಪನಿಯ ಮಾಜಿ ಸಿಇಒ ಜಾನ್ ಡೊನಾಹೊ ಅವರನ್ನು ಕ್ರೀಡಾ ನಿರ್ದೇಶಕರನ್ನಾಗಿ ಆರಿಸಿತು. ಪೆಸಿಫಿಕ್ ಕರಾವಳಿಯ ಪ್ಯಾಕ್-12 ಒಕ್ಕೂಟಕ್ಕೆ 2009ರಲ್ಲಿ ವೃತ್ತಿಪರ ಮಹಿಳಾ ಟೆನಿಸ್ ಸಂಸ್ಥೆಯಿಂದ ಒಬ್ಬರು, 2021ರಲ್ಲಿ ಹೋಟೆಲು ಮತ್ತು ಕ್ಯಾಸಿನೊ ಕಂಪನಿಯಿಂದ ಇನ್ನೊಬ್ಬರು ಮುಖ್ಯಸ್ಥರಾಗಿ ಬಂದರು. ನೂರು ವರ್ಷಕ್ಕೂ ಹೆಚ್ಚು ಇತಿಹಾಸವಿದ್ದ ಆ ಒಕ್ಕೂಟದ ಹನ್ನೆರಡು ಸದಸ್ಯ ಸಂಸ್ಥೆಗಳಲ್ಲಿ ಹತ್ತು, 2024ರ ವೇಳೆಗೆ ಹೆಚ್ಚು ಟಿ.ವಿ. ಹಣವಿರುವ ಒಕ್ಕೂಟಗಳಿಗೆ ಹೊರಟುಹೋದವು. ಇದರ ಹೊಣೆ ಹೊರಗಿನಿಂದ ಬಂದ ಆ ಇಬ್ಬರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಕ್ರೀಡಾ ನಿರ್ದೇಶಕರಾಗಿಯೇ ಮೇಲೆ ಬಂದ ಬಾಬ್ ಬೌಲ್ಸ್‌ಬಿ ಮುಖ್ಯಸ್ಥರಾಗಿದ್ದ ಬಿಗ್-12 ಒಕ್ಕೂಟವನ್ನು ತೊರೆಯುವುದಾಗಿ ಟೆಕ್ಸಸ್ ಮತ್ತು ಓಕ್ಲಹೋಮ 2021ರಲ್ಲಿ ಪ್ರಕಟಿಸಿದ್ದವು. ಆದರೆ ಫುಟ್‌ಬಾಲಿನ ಟಿ.ವಿ. ಒಪ್ಪಂದಕ್ಕಾಗಿ ಒಕ್ಕೂಟ ಬದಲಾದಾಗ ವಾಲಿಬಾಲ್ ಆಡುವ ಹುಡುಗಿ ಪಂದ್ಯಕ್ಕಾಗಿ ದೇಶದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ವಿಮಾನದಲ್ಲಿ ಹೋಗಿ, ಮರುದಿನ ತರಗತಿಗೆ ಹಾಜರಾಗಬೇಕಾಗುತ್ತದೆ ಎಂಬುದನ್ನು ಆ ಹುಡುಗಿಯೊಂದಿಗೆ ಕೆಲಸ ಮಾಡಿದವರು ಮೊದಲು ಯೋಚಿಸುತ್ತಾರೆ ಎಂದು ನನ್ನ ಅನುಭವ ಹೇಳುತ್ತದೆ.

2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ಪ್ರಕಾರ ಒಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ಮೊದಲ ವರ್ಷವಾದ 2025–26ರಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದಿತ್ತು. ದುಡಿಯುವ ಆಟಗಾರನಿಗೆ ಪಾಲು ಸಿಗುವುದು ಸರಿಯೇ. ಆದರೆ ಆ ಹಣ ಎಲ್ಲಿಂದ ಬರಬೇಕು? 2020ರಲ್ಲಿ ಸ್ಟ್ಯಾನ್‌ಫರ್ಡ್ ಹಣದ ಕೊರತೆಯೆಂದು ಮಹಿಳಾ ಹಾಕಿ, ಕುಸ್ತಿ ಸೇರಿದಂತೆ ಹನ್ನೊಂದು ಆಟಗಳನ್ನು ಕೈಬಿಡುವುದಾಗಿ ಘೋಷಿಸಿತ್ತು. ಹಳೆಯ ವಿದ್ಯಾರ್ಥಿಗಳು ಹೋರಾಡಿ, ಹಣ ಕೂಡಿಸುವುದಾಗಿ ಮಾತು ಕೊಟ್ಟ ಮೇಲೆ 2021ರಲ್ಲಿ ಆ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಅಂಥ ಶ್ರೀಮಂತ ಸಂಸ್ಥೆಯಲ್ಲೇ ಹೀಗಾದರೆ ಉಳಿದ ಕಡೆ ಸಣ್ಣ ಆಟಗಳ ಪರವಾಗಿ ಸಭೆಯಲ್ಲಿ ಮಾತನಾಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಇನ್ನು ನಮ್ಮ ನಾಡಿನ ಮಾತು. ಯುಜಿಸಿಯ 2018ರ ನಿಯಮಾವಳಿಯಂತೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಸ್ನಾತಕೋತ್ತರ ಪದವಿ, ನೆಟ್ ಅಥವಾ ಪಿಎಚ್.ಡಿ., ಸ್ಪರ್ಧೆಗಳಲ್ಲಿ ಭಾಗವಹಿಸಿದ ದಾಖಲೆ ಬೇಕು. ಜೊತೆಗೆ ದೇಹದಾರ್ಢ್ಯ ಪರೀಕ್ಷೆಯಲ್ಲಿ ಮೂವತ್ತರೊಳಗಿನ ಪುರುಷರು ಹನ್ನೆರಡು ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು ಎಂಟು ನಿಮಿಷದಲ್ಲಿ 1,000 ಮೀಟರ್ ಕ್ರಮಿಸಬೇಕು. ಈ ಅರ್ಹತೆಗಳು ಬೇಕು, ಅವನ್ನು ಸಡಿಲಿಸಬಾರದು. ಕೆಲಸಕ್ಕೆ ಸೇರಿದ ಮೇಲೆ ವೇತನ ಶ್ರೇಣಿ 10ರಿಂದ 11, 12, 13ಎ ಎಂದು ಏರುತ್ತಾ ಹೋಗುತ್ತದೆ. ಆದರೆ ಶ್ರೇಣಿ ಏರಿದಂತೆ ಹೊಣೆ ಏರುವುದಿಲ್ಲ. ಮೊದಲ ವರ್ಷ ಅಂತರ ಕಾಲೇಜು ಕೂಟಕ್ಕೆ ತಂಡ ಕರೆದೊಯ್ದವರು ಮೂವತ್ತನೆಯ ವರ್ಷದಲ್ಲೂ ಅದೇ ತಂಡದ ಟಿ.ಎ., ಡಿ.ಎ. ಬಿಲ್ಲು ಬರೆಯುತ್ತಿರುತ್ತಾರೆ. ಬಿ.ಪಿ.ಇಡಿ.ಯಲ್ಲಿ ಸಂಘಟನೆ ಮತ್ತು ಆಡಳಿತ ಎಂಬ ಪತ್ರಿಕೆಯನ್ನು ಓದಿ ಪಾಸಾದವರಿಗೆ ಬಜೆಟ್ ಸಭೆಯಲ್ಲಿ ಕೂರುವ ಅವಕಾಶ ಅಪರೂಪ. ವಿಶ್ವವಿದ್ಯಾಲಯದ ನಿರ್ದೇಶಕರ ಹುದ್ದೆ ಖಾಲಿಯಾದಾಗ ವರ್ಷಗಟ್ಟಲೆ ಪ್ರಭಾರದಲ್ಲಿ ನಡೆಯುವುದನ್ನೂ, ಆ ಕುರ್ಚಿಯಲ್ಲಿ ಮಹಿಳೆ ಕೂತದ್ದು ಬೆರಳೆಣಿಕೆಯಷ್ಟು ಎಂಬುದನ್ನೂ ನಾನು ಕಂಡಿದ್ದೇನೆ.

2022ರಲ್ಲಿ ಬೆಂಗಳೂರು ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ನಡೆಸಿಕೊಟ್ಟಿತು. ದೇಶದ ಮೂಲೆಮೂಲೆಯಿಂದ ಬಂದ ಸಾವಿರಾರು ಆಟಗಾರರಿಗೆ ವಸತಿ, ಊಟ, ವೇಳಾಪಟ್ಟಿ, ತೀರ್ಪುಗಾರರು, ವೈದ್ಯರು ಎಲ್ಲವನ್ನೂ ಹೊಂದಿಸಬಲ್ಲವರು ನಮ್ಮಲ್ಲಿಯೇ ಇದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಅವರನ್ನು ಬೆಳೆಸುವ ಕ್ರಮ ಮಾತ್ರ ನಮ್ಮಲ್ಲಿಲ್ಲ. ಆದ್ದರಿಂದ ವಿಶ್ವವಿದ್ಯಾಲಯಗಳು ತಮ್ಮ ವ್ಯಾಪ್ತಿಯ ಅನುಭವಿ ಕಾಲೇಜು ನಿರ್ದೇಶಕರಲ್ಲಿ ಕೆಲವರನ್ನು, ಅವರಲ್ಲಿ ಅರ್ಧದಷ್ಟು ಮಹಿಳೆಯರಿರುವಂತೆ, ಎರಡು ಮೂರು ವರ್ಷ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ನಿಯೋಜಿಸಿ ಹಣಕಾಸು, ಖರೀದಿ, ಸ್ಪರ್ಧೆಯ ಆಯೋಜನೆ, ಆಟಗಾರರ ಓದಿನ ಮೇಲ್ವಿಚಾರಣೆ ಇವನ್ನು ಕಲಿಸಬೇಕು. ಪ್ರಭಾರದ ನೇಮಕಗಳಿಗೆ ಆರು ತಿಂಗಳ ಮಿತಿ ಇರಬೇಕು. ಕಾಲೇಜುಗಳನ್ನು ವಿಲೀನಗೊಳಿಸುವಾಗ ಅಥವಾ ಮಹಿಳಾ ಕಾಲೇಜು ಸಹಶಿಕ್ಷಣಕ್ಕೆ ಬದಲಾಗುವಾಗ ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕಿಯ ಸ್ಥಾನಕ್ಕೆ ಏನಾಗುತ್ತದೆ ಎಂಬುದನ್ನು ಆದೇಶದಲ್ಲೇ ಬರೆಯಬೇಕು. ಅಮೆರಿಕದಲ್ಲಿ 1982ರ ನಂತರ ಆದದ್ದು ಇಲ್ಲಿ ಸದ್ದಿಲ್ಲದೆ ಆಗಬಾರದು.

ತಮ್ಮಲ್ಲಿ ಒಂದು ಬೇಡಿಕೆ. ಅಂತರ ವಿಶ್ವವಿದ್ಯಾಲಯ ಕೂಟಗಳ ವರದಿಯಲ್ಲಿ ಪದಕ ಪಟ್ಟಿಯ ಜೊತೆಗೆ ಆ ತಂಡದ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹೆಸರನ್ನೂ ಪ್ರಕಟಿಸಿ. ತಿಂಗಳಿಗೊಮ್ಮೆಯಾದರೂ ಅಂಥ ಒಬ್ಬರ ವೃತ್ತಿಬದುಕಿನ ಪರಿಚಯ ಬರೆಸಿ. ಯಾವ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ನಿರ್ದೇಶಕರ ಹುದ್ದೆ ಎಷ್ಟು ವರ್ಷಗಳಿಂದ ಖಾಲಿಯಿದೆ ಎಂಬ ಮಾಹಿತಿಯನ್ನು ತಮ್ಮ ಜಿಲ್ಲಾ ವರದಿಗಾರರಿಂದ ತರಿಸಿ ಒಮ್ಮೆ ಪೂರ್ತಿಯಾಗಿ ಅಚ್ಚು ಹಾಕಿದರೆ ಕುಲಪತಿಗಳೂ ಉನ್ನತ ಶಿಕ್ಷಣ ಇಲಾಖೆಯೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕಿ, ಹಾಸನ