ನಿಧಿಯ ನಕ್ಷೆಯನ್ನು ಮಕ್ಕಳೇ ಮಾಡಲಿ

ಪ್ರೀತಿಯ ಪೋಷಕರೇ,

ನಮಸ್ಕಾರ. ವಾರ್ಷಿಕೋತ್ಸವಕ್ಕೆ ಐದನೇ ತರಗತಿಯ ಮಕ್ಕಳು ಕಡಲ್ಗಳ್ಳರ ನಾಟಕ ಆಡುತ್ತಿರುವುದು ನಿಮಗೆ ಗೊತ್ತೇ ಇದೆ. ಅದಕ್ಕೆ ಹಳೆಯದಾಗಿ ಕಾಣುವ ನಿಧಿಯ ನಕ್ಷೆ ಬೇಕು. ಪ್ರತಿ ಮಗುವೂ ಮನೆಯಲ್ಲಿ ಒಂದು ಮಾಡಿ ಮುಂದಿನ ಸೋಮವಾರ ತರಲಿ. ಎರಡು ನಕ್ಷೆ ರಂಗದ ಮೇಲೆ ಹೋಗುತ್ತವೆ. ಉಳಿದವೆಲ್ಲ ಸಭಾಂಗಣದ ಗೋಡೆ ತುಂಬುತ್ತವೆ.

ಮೊದಲೇ ಒಂದು ಮಾತು. ಕಾಗದದ ಅಂಚನ್ನು ಮೇಣದಬತ್ತಿಗೆ ಹಿಡಿದು ಸುಡುವುದನ್ನು ಎಷ್ಟೋ ವಿಡಿಯೋಗಳಲ್ಲಿ ತೋರಿಸುತ್ತಾರೆ. ದಯವಿಟ್ಟು ಅದು ಬೇಡ. ನೀವು ಪಕ್ಕದಲ್ಲೇ ಇದ್ದರೂ ಬೇಡ. ಕಾಗದಕ್ಕೆ ಹತ್ತಿದ ಬೆಂಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೈಗೆ ಬರುತ್ತದೆ. ಸುಟ್ಟ ಅಂಚು ತಾಲೀಮಿನಲ್ಲಿ ಪುಡಿಪುಡಿಯಾಗಿ ಉದುರುತ್ತದೆ ಕೂಡ. ಕತ್ತರಿ ಬಿಟ್ಟು ಕೈಯಲ್ಲೇ ಅಂಚು ಹರಿದರೆ ಸಾಕು.

ಹಾಳೆಗೆ ಹಳೆಯ ಬಣ್ಣ ಬರಿಸುವುದು ಟೀಯಿಂದ. ದಪ್ಪನೆಯ ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ. ಹೊಳೆಯುವ ಕಾಗದ ಬಣ್ಣ ಹೀರುವುದಿಲ್ಲ. ಮಗು ಶೀಟನ್ನು ಮೊದಲು ಚೆನ್ನಾಗಿ ಮುದುಡಿ ಬಿಡಿಸಲಿ. ನಾರು ಮುರಿದ ಗೆರೆಗಳು ಟೀಯನ್ನು ಜಾಸ್ತಿ ಹೀರಿ ಗಾಢವಾಗುತ್ತವೆ. ಟೀಯನ್ನು ಕಡುವಾಗಿ ಕುದಿಸುವುದು ನಿಮ್ಮ ಕೆಲಸ. ಪೂರ್ತಿ ಆರಿದ ಮೇಲೆ ಮಗುವಿಗೆ ಕೊಡಿ. ಹಾಲು, ಸಕ್ಕರೆ ಹಾಕಬೇಡಿ. ಸಕ್ಕರೆ ಇದ್ದರೆ ಹಾಳೆ ಅಂಟಂಟಾಗುತ್ತದೆ, ಇರುವೆಯೂ ಮುತ್ತುತ್ತದೆ.

ತಟ್ಟೆಯಲ್ಲಿ ಹಾಳೆ ಹರಡಿ ಟೀ ಸುರಿದ ಮೇಲೆ ಎಲ್ಲವನ್ನೂ ಒರೆಸಿಬಿಡಬೇಡಿ. ಅಲ್ಲಲ್ಲಿ ಸ್ವಲ್ಪ ನಿಂತಿರಲಿ. ಒಣಗುತ್ತಾ ಬಂದಂತೆ ಬಣ್ಣ ಅಂಚಿಗೆ ಸರಿದು ಕಂದು ಉಂಗುರ ಬೀಳುತ್ತದೆ. ಇದನ್ನು ಮಕ್ಕಳು ಕೂತು ನೋಡಲಿ, ಒಳ್ಳೆ ವಿಜ್ಞಾನದ ಪಾಠ ಅಲ್ವಾ? ಇಡೀ ಹಾಳೆ ಒಂದೇ ಬಣ್ಣವಾದರೆ ಸುಮ್ನೆ ಕಂದು ಕಾಗದ ಅನಿಸುತ್ತದೆ. ಹಳೆಯ ಕಾಗದ ಕೈ ತಾಗುವ ಅಂಚಿನಲ್ಲಿ, ಮಡಿಕೆಯಲ್ಲಿ ಮೊದಲು ಸವೆಯುತ್ತದೆ, ಕೊಳೆಯಾಗುತ್ತದೆ. ಆದ್ದರಿಂದ ನಾಲ್ಕಾಗಿ ಮಡಚಿ, ಮಡಿಕೆಗೆ ಮತ್ತು ಅಂಚಿಗೆ ಹತ್ತಿಯಿಂದ ಇನ್ನೊಮ್ಮೆ ಟೀ ಒತ್ತಲಿ.

ಚಿತ್ರ ಬರೆಯುವುದು ಪೂರ್ತಿ ಒಣಗಿದ ಮೇಲೆ. ಹಸಿ ಹಾಳೆಯಲ್ಲಿ ಸ್ಕೆಚ್ ಪೆನ್ ಹರಡಿಬಿಡುತ್ತದೆ. ಕೊನೆಯ ಸಾಲಿನವರಿಗೂ ಕಾಣುವಂತೆ ಗೆರೆ ದಪ್ಪವಿರಲಿ. ದಿಕ್ಕು ತೋರಿಸುವ ಗುರುತು ಮರೆಯದಿರಲಿ. ‘ಒಂಟಿ ಮರದಿಂದ ಉತ್ತರಕ್ಕೆ 40 ಹೆಜ್ಜೆ’ ಎಂಬಂಥ ಸೂಚನೆಗಳಿದ್ದರೆ ನನಗೆ ತುಂಬಾ ಖುಷಿ. ನಕ್ಷೆ ಹಿಡಿದವರು ನಿಧಿಯ ಹತ್ತಿರ ಹೋಗಿ ಮುಟ್ಟಬೇಕು, ಅದೇ ಮುಖ್ಯ.

ಕಡಲ್ಗಳ್ಳರು ನಿಜವಾಗಿ ನಿಧಿ ಹೂಳುತ್ತಿದ್ದರಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹೂಳುತ್ತಿದ್ದದ್ದು ಬಹಳ ಅಪರೂಪ. ಹೆಚ್ಚಿನವರು ದೋಚಿದ್ದನ್ನು ಹಂಚಿಕೊಂಡು ಖರ್ಚು ಮಾಡುತ್ತಿದ್ದರು. ವಿಲಿಯಂ ಕಿಡ್ ಎಂಬಾತ 1699ರಲ್ಲಿ ನ್ಯೂಯಾರ್ಕ್ ಬಳಿಯ ಗಾರ್ಡಿನರ್ಸ್ ದ್ವೀಪದಲ್ಲಿ ಸ್ವಲ್ಪ ಹೂತಿದ್ದು ನಿಜ. ಆದರೆ ಅಧಿಕಾರಿಗಳು ಬೇಗನೆ ಅದನ್ನು ವಶಪಡಿಸಿಕೊಂಡರು. 1701ರಲ್ಲಿ ಲಂಡನ್ನಿನಲ್ಲಿ ಅವನಿಗೆ ಗಲ್ಲಾಯಿತು.

ಕೊನೆಯದಾಗಿ, ನಿಮ್ಮ ಕೈ ಎಷ್ಟೇ ಚುರುಕಾಗಿದ್ದರೂ ಗೆರೆ ಎಳೆಯಬೇಡಿ. ಸೊಟ್ಟ ದ್ವೀಪ, ತಪ್ಪು ಕಾಗುಣಿತ ಎಲ್ಲ ಇರಲಿ, ನಮಗೆ ಮಗುವಿನ ನಕ್ಷೆಯೇ ಬೇಕು. ಹಿಂದುಗಡೆ ಪೆನ್ಸಿಲ್‌ನಲ್ಲಿ ಹೆಸರು ಬರೆದು, ಸುರುಳಿ ಸುತ್ತಿ ಕಳಿಸಿ. ರಂಗಕ್ಕೆ ಆರಿಸಿದ ಎರಡಕ್ಕೆ ಹರಿಯದಂತೆ ಹಿಂದೆ ಬಟ್ಟೆ ಅಂಟಿಸುವುದನ್ನು ನಾವು ಶಾಲೆಯಲ್ಲೇ ಮಾಡುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ