ಆ ಇಪ್ಪತ್ತು ನಿಮಿಷಗಳ ವಿಷಯವಾಗಿ ಪುಟ್ಟಿಗೆ

ಮೈಸೂರು

ಚಿರಂಜೀವಿ ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ತಲುಪಿತು. ಪುಣೆಯ ಹೊಸ ಮನೆ, ಆಫೀಸು, ನೀರಿನ ತಾಪತ್ರಯ ಎಲ್ಲವನ್ನೂ ಓದಿದೆ. ಅವುಗಳಿಗೆ ಇನ್ನೊಮ್ಮೆ ಉತ್ತರ ಬರೆಯುತ್ತೇನೆ. ಕೊನೆಯ ಪುಟದಲ್ಲಿ, ಬೇರೇನೋ ಹೇಳುತ್ತ ಹೇಳುತ್ತ ನಡುವೆ ಒಂದು ಸಾಲು ಸೇರಿಸಿದ್ದೀಯಲ್ಲ, ಬೆಳಿಗ್ಗೆ ಧ್ಯಾನಕ್ಕೆ ಕೂರುವಾಗ ಫೋನಿನಲ್ಲೇ ಇಪ್ಪತ್ತು ನಿಮಿಷದ ಟೈಮರ್ ಹಚ್ಚಿ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ, ಬೇರೆ ಟೈಮರ್ ತಂದಿದ್ದರೂ ಫೋನನ್ನು ಆಚೆ ಕೋಣೆಯಲ್ಲಿಡಲು ಧೈರ್ಯ ಬರುವುದಿಲ್ಲ, ಅಷ್ಟರಲ್ಲೇ ಮನೆಯಿಂದ ಕರೆ ಬಂದುಬಿಟ್ಟರೆ ಎಂದು ಹೆದರಿಕೆಯಾಗುತ್ತದೆ ಎಂದು, ಆ ಸಾಲನ್ನು ದಾಟಿ ಮುಂದೆ ಓದಲು ನನ್ನಿಂದ ಆಗಲಿಲ್ಲ. ಕಾಗದವನ್ನು ಮಡಿಸಿಟ್ಟು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ನೀನು ಯಾಕೆ ಹಾಗೆ ಬರೆದೆ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ. ನಿನ್ನ ಅಪ್ಪ ಹೋದ ಆ ರಾತ್ರಿಯ ಮಾತನ್ನು ಇಲ್ಲಿ ಎತ್ತುವುದಿಲ್ಲ. ನಿನ್ನ ಫೋನು ಸೈಲೆಂಟಿನಲ್ಲಿತ್ತು ಎಂಬುದನ್ನು ಮನೆಯಲ್ಲಿ ಯಾರೂ ಲೆಕ್ಕವಾಗಿ ಇಟ್ಟುಕೊಂಡಿಲ್ಲ. ನಿನ್ನ ಅಮ್ಮನಂತೂ ಅದನ್ನು ನೆನೆಯುವುದೇ ಇಲ್ಲ. ಲೆಕ್ಕ ಇಟ್ಟುಕೊಂಡವಳು ನೀನೊಬ್ಬಳೇ ಎಂಬುದು ಈ ಕಾಗದ ಓದಿದ ಮೇಲೆ ನನಗೆ ತಿಳಿಯಿತು, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಧ್ಯಾನದ ವಿಷಯದಲ್ಲಿ ಹೆಚ್ಚು ತಿಳಿದವಳಲ್ಲ, ಆದರೆ ಕರೆಗಾಗಿ ಕಾಯುವುದು ಎಂದರೇನು ಎಂಬುದನ್ನು ನನ್ನ ನೌಕರಿಯ ಉದ್ದಕ್ಕೂ ಕಂಡವಳು. ದೂರದ ಊರುಗಳ ಕರೆಗಳನ್ನು ಜೋಡಿಸಿಕೊಡುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಬೋರ್ಡಿನ ಮುಂದೆ ಕುಳಿತರೆ, ದೀಪ ಹೊತ್ತಿದ ಕಡೆಗೆಲ್ಲ ಪ್ಲಗ್ ಚುಚ್ಚಿ, ಬುಕ್ ಮಾಡಿದವರ ಹೆಸರು, ಊರು, ನಂಬರು, ಮಾತು ಶುರುವಾದ ಹೊತ್ತು ಎಲ್ಲವನ್ನೂ ಟಿಕೆಟ್ಟಿನ ಮೇಲೆ ಬರೆಯಬೇಕಾಗಿತ್ತು. ಆಗ ಮಾತಿಗೆ ದರ ಮೂರು ನಿಮಿಷದ ಲೆಕ್ಕದಲ್ಲಿ. ಮೂರು ನಿಮಿಷ ತುಂಬಿದೊಡನೆ ನಡುವೆ ಬಾಯಿ ಹಾಕಿ, ಸಮಯವಾಯಿತು, ಮುಂದುವರಿಸುತ್ತೀರಾ ಎಂದು ಕೇಳುವುದು ನಮ್ಮ ಕೆಲಸ. ಮಾತನಾಡುವವರು ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಏಕೆಂದರೆ ನೋಡುವುದಕ್ಕೆ ನಾವಿದ್ದೆವು. ಆ ಮೂರು ನಿಮಿಷದಲ್ಲಿ ಜನ ಎಷ್ಟು ಪೂರ್ತಿಯಾಗಿ ಮಾತಿನೊಳಗೆ ಇರುತ್ತಿದ್ದರು ಎಂಬುದನ್ನು ಕೇಳಿದ ನನಗೆ, ಕಣ್ಣು ಮುಚ್ಚಿ ಕುಳಿತು ಬೆರಳ ತುದಿಯಲ್ಲಿ ಫೋನನ್ನು ಮುಟ್ಟಿಕೊಂಡೇ ಇರುವ ನಿನ್ನನ್ನು ನೆನೆದರೆ ಸಂಕಟವಾಗುತ್ತದೆ.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿಯನ್ನು ಹೇಳುತ್ತೇನೆ. ನಿನ್ನ ಅಜ್ಜಿ ತೀರಿಕೊಂಡದ್ದು 1981ರ ಮಳೆಗಾಲದಲ್ಲಿ ಎಂದು ನಿನಗೆ ಗೊತ್ತು. ಆ ರಾತ್ರಿ ನಾನು ಎಲ್ಲಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ನಾನು ನೈಟ್ ಡ್ಯೂಟಿಯಲ್ಲಿ ಬೋರ್ಡಿನ ಮುಂದೆಯೇ ಇದ್ದೆ. ಆ ದಿನಗಳಲ್ಲಿ ಸುದ್ದಿಯೆಂಬುದು ಹಾದುಹೋಗಬೇಕಾದ ಜಾಗದಲ್ಲೇ, ಕಿವಿಗೆ ತಂತಿ ಕಟ್ಟಿಕೊಂಡು, ರಾತ್ರಿಯಿಡೀ ಎಚ್ಚರವಾಗಿ ಕುಳಿತಿದ್ದೆ. ಹುಬ್ಬಳ್ಳಿಯ ಒಂದು ಕಾಲ್‌ನಲ್ಲಿ ಯಾರೋ ಅಳುತ್ತಿದ್ದರು. ಮೂರು ನಿಮಿಷವಾಯಿತೆಂದು ಅವರಿಗೆ ಹೇಳಲು ನನಗೆ ನಾಲಿಗೆ ಏಳದಿದ್ದದ್ದು ಇಂದಿಗೂ ನೆನಪಿದೆ. ಅದೇ ಹೊತ್ತಿನಲ್ಲಿ ತೀರ್ಥಹಳ್ಳಿಯ ಆಚೆ, ಫೋನಿಲ್ಲದ ನಮ್ಮ ಊರಿನಲ್ಲಿ, ಅಮ್ಮ ಹೋಗಿಬಿಟ್ಟಿದ್ದಳು. ಬೆಳಗಾದ ಮೇಲೆ ಅಣ್ಣ ಮಳೆಯಲ್ಲಿ ನಡೆದು ಹೋಗಿ ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಕೊಟ್ಟ. ಅದು ನನ್ನ ಕೈಗೆ ಬಂದಾಗ ಮಧ್ಯಾಹ್ನ ಕಳೆದಿತ್ತು, ನಾನು ಡ್ಯೂಟಿ ಮುಗಿಸಿ ಬಂದು ಮಲಗಿ ಎದ್ದಿದ್ದೆ.

ಅದಕ್ಕೇ ಹೇಳುತ್ತೇನೆ ಮಗು, ಫೋನು ನಿನ್ನ ತೊಡೆಯ ಮೇಲಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಾನು ಬಹಳ ಹಿಂದೆಯೇ ಕೇಳಿಕೊಂಡಿದ್ದೇನೆ. ಅಂಥ ಯಂತ್ರಗಳ ನಡುವೆಯೇ ಇದ್ದೆ. ನಾನು ಎಚ್ಚರವಾಗಿದ್ದೆನೆಂಬ ಕಾರಣಕ್ಕೆ ಅಮ್ಮನ ಉಸಿರು ಒಂದು ಗಳಿಗೆಯೂ ಹೆಚ್ಚಾಗಲಿಲ್ಲ.

ಇಷ್ಟು ಗೊತ್ತಿದ್ದೂ ಭಯ ನನ್ನನ್ನು ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಮನೆಗೆ ಟೆಲಿಫೋನ್ ಬಂದ ಮೇಲೆ ಅದು ಕೇಳಿಸುವಷ್ಟು ದೂರವನ್ನು ಬಿಟ್ಟು ಎಲ್ಲಿಯೂ ನೆಮ್ಮದಿಯಾಗಿ ಕೂರಲು ನನಗೆ ಆಗುತ್ತಿರಲಿಲ್ಲ. ನಿನ್ನ ಅಪ್ಪ ಮೇಲುಕೋಟೆಯ ವೈರಮುಡಿಗೆ ಹೋಗೋಣ ಬಾ ಎಂದು ಕರೆಯುತ್ತಿದ್ದ. ರಾತ್ರಿಯಿಡೀ ನಡೆಯುವ ಉತ್ಸವ, ಅಷ್ಟು ಹೊತ್ತು ಫೋನಿನಿಂದ ದೂರವಿರಬೇಕಲ್ಲ ಎಂದು ನಾನು ಏನಾದರೊಂದು ನೆಪ ಹೇಳಿ ಉಳಿದುಬಿಡುತ್ತಿದ್ದೆ. ಆ ರಾತ್ರಿಗಳಲ್ಲಿ ಯಾವ ಕರೆಯೂ ಬರಲಿಲ್ಲ. ಈಗ ವೈರಮುಡಿ ಪ್ರತಿ ವರ್ಷ ಬರುತ್ತದೆ, ಕರೆಯಲು ಅಣ್ಣನಿಲ್ಲ. ನಿನ್ನ ಆ ಸಾಲಿನಲ್ಲಿ ನನಗೆ ಕಂಡದ್ದು ಅದೇ ಕಾಯುವಿಕೆ, ಅದು ನಿನ್ನಲ್ಲಿ ಇಷ್ಟು ಬೇಗ ಮನೆ ಮಾಡಬಾರದು.

ಇಗತ್‌ಪುರಿಯ ಧಮ್ಮಗಿರಿಯಲ್ಲಿ ನೀನು ಹತ್ತು ದಿನ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದಾಗ ಏನೆಲ್ಲ ಹೇಳಿದ್ದೆ, ನೆನಪಿಸಿಕೋ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ನಾಲ್ಕೂವರೆಗೆ ಧ್ಯಾನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲರೂ ಕೂಡಿ ಒಂದೊಂದು ಗಂಟೆ ಕೂರುವುದು, ಯಾರೊಡನೆಯೂ ಮಾತಿಲ್ಲ, ಫೋನನ್ನು ಮೊದಲ ದಿನವೇ ಒಪ್ಪಿಸಿಬಿಡಬೇಕು. ಹತ್ತು ದಿನ ಫೋನಿಲ್ಲದೆ ಹೇಗಿದ್ದೆಯೇ ಎಂದು ನಿನ್ನ ಅಮ್ಮ ಕೇಳಿದಾಗ, ತುರ್ತಿದ್ದರೆ ನೀವು ಅಲ್ಲಿನ ಆಫೀಸಿಗೆ ಹೇಳುತ್ತಿದ್ದಿರಿ, ಅವರು ನನಗೆ ಹೇಳುತ್ತಿದ್ದರು ಎಂದು ಎಷ್ಟು ಸಲೀಸಾಗಿ ಉತ್ತರ ಕೊಟ್ಟೆ. ಹೊತ್ತನ್ನು ಗಂಟೆ ಬಾರಿಸುವವರು ನೋಡಿಕೊಳ್ಳುತ್ತಿದ್ದರು, ಮನೆಯ ಸುದ್ದಿಯನ್ನು ಆಫೀಸಿನವರು. ನಿನಗೆ ಉಳಿದದ್ದು ಕೂರುವುದೊಂದೇ. ಈಗ ಪುಣೆಯ ಕೋಣೆಯಲ್ಲಿ ಒಬ್ಬಳೇ ಮೂರು ಕೆಲಸವನ್ನೂ ಮಾಡಲು ಹೊರಟಿದ್ದೀಯೆ, ಅದೂ ಎಲ್ಲವನ್ನೂ ಒಂದೇ ಯಂತ್ರದಲ್ಲಿ.

ಹೊತ್ತು ಅಳೆಯುವುದಕ್ಕೆಂದೇ ಒಂದು ವಸ್ತುವನ್ನು ಬೇರೆಯಾಗಿ ಇಡುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಹಿಂದೆ ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಅಂದರೆ 24 ನಿಮಿಷ. ಅದನ್ನು ನೋಡಿಕೊಳ್ಳಲು ಒಬ್ಬರು ಕುಳಿತರೆ ಉಳಿದವರೆಲ್ಲ ತಮ್ಮ ತಮ್ಮ ಕೆಲಸದಲ್ಲಿರುತ್ತಿದ್ದರು. ನಮ್ಮ ಬೀದಿಯ ಜೈನರ ಮನೆಯ ಹಿರಿಯರು ಸಾಮಾಯಿಕವೆಂಬ ಧ್ಯಾನಕ್ಕೆ ಕೂರುವಾಗ ಎದುರಿಗೆ ಮರಳಿನ ಗಡಿಯಾರವನ್ನು ತಿರುಗಿಸಿಟ್ಟುಕೊಳ್ಳುವುದನ್ನು ನಾನು ನೋಡಿದ್ದೇನೆ. ಅವರಿಗೆ ಎರಡು ಗಳಿಗೆ, 48 ನಿಮಿಷ. ನಿನ್ನ ತಾತನಿಗೆ ಅದೂ ಬೇಕಿರಲಿಲ್ಲ. 108 ಮಣಿಯ ಜಪಸರದಲ್ಲಿ ಮೇರುಮಣಿ ಬೆರಳಿಗೆ ತಗುಲಿದರೆ ಒಂದು ಸುತ್ತಾಯಿತು, ಕಣ್ಣು ತೆರೆಯುವ ಪ್ರಮೇಯವೇ ಇಲ್ಲ. ಟೈಮರಿನ ಸದ್ದಿಗೆ ಕಾಯುತ್ತ ಕೊನೆಯ ನಿಮಿಷಗಳು ಹಾಳಾಗುತ್ತವೆ ಎಂದೂ ಬರೆದಿದ್ದೀಯಲ್ಲ, ಬೇಕಾದರೆ ತಾತನ ಸರವನ್ನು ಕಳುಹಿಸಿಕೊಡುತ್ತೇನೆ. ನಿನ್ನ ಶಿಬಿರದವರು ಹೇಳಿಕೊಟ್ಟ ಕ್ರಮದಲ್ಲಿ ಜಪಕ್ಕೆ ಎಡೆಯಿಲ್ಲವೆಂದಾದರೆ ಬೇಡ, ನಾನು ಬಲವಂತ ಮಾಡುವುದಿಲ್ಲ.

ನೀನು ತಂದಿರುವ ಟೈಮರ್ ಅಡುಗೆಮನೆಯಲ್ಲಿ ಇಡುವ ಥರದ್ದು, ಅದರ ಸದ್ದು ಕರ್ಕಶ ಎಂದಿದ್ದೀಯೆ. ಒಂದು ಟವೆಲ್ಲನ್ನು ಮಡಿಸಿ ಅದರ ಕೆಳಗಿಟ್ಟರೆ ಸದ್ದು ತಗ್ಗೀತು. ಅಂಕಿಗಳು ಕಾಣುವ ಮುಖವನ್ನು ಗೋಡೆಯ ಕಡೆಗೆ ತಿರುಗಿಸು, ಕೈಗೆ ಎಟುಕದಷ್ಟು ದೂರದಲ್ಲಿಡು. ಸಿಮ್ ತೆಗೆದ ಹಳೆಯ ಫೋನನ್ನೇ ಟೈಮರ್ ಮಾಡಿಕೊಳ್ಳಬಹುದು ಎಂದು ಪಕ್ಕದ ಮನೆಯ ಹುಡುಗ ಹೇಳಿದ. ನನಗೇನೋ ಅದು ಸರಿಬರಲಿಲ್ಲ, ಕೈಗೆ ಆ ಆಕಾರ ಸಿಕ್ಕರೆ ಮನಸ್ಸು ಮತ್ತೆ ಕರೆಯ ಕಡೆಗೇ ಹೋಗುತ್ತದೆ. ಇಪ್ಪತ್ತು ನಿಮಿಷ ಭಾರವೆನಿಸಿದರೆ ಹತ್ತಕ್ಕೇ ಇಡು. ಹತ್ತು ನಿಮಿಷ ಕುಳಿತರೆ ಕಡಿಮೆಯಾಯಿತೆಂದು ಯಾರೂ ಎಣಿಸುವುದಿಲ್ಲ.

ಆದರೆ ಇವೆಲ್ಲ ಟೈಮರಿನ ಮಾತು. ನಿನ್ನ ಹೆದರಿಕೆ ಟೈಮರಿನದಲ್ಲವಲ್ಲ.

ಅದಕ್ಕೆ ಆ ಹುಡುಗನನ್ನೇ ಕೂರಿಸಿಕೊಂಡು ವಿವರವಾಗಿ ಕೇಳಿದೆ. ಫೋನಿನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿದರೂ ನಾವು ಆರಿಸಿದ ಕೆಲವರ ಕರೆ ಮಾತ್ರ ಸದ್ದು ಮಾಡುವಂತೆ ಇಟ್ಟುಕೊಳ್ಳಬಹುದಂತೆ, ಒಂದೇ ನಂಬರಿನಿಂದ ಸ್ವಲ್ಪ ಹೊತ್ತಿನೊಳಗೆ ಎರಡನೆಯ ಸಲ ಕರೆ ಬಂದರೆ ಅದೂ ಕೇಳಿಸುವಂತೆ ಮಾಡಬಹುದಂತೆ. ನಿನ್ನ ಅಮ್ಮನ ನಂಬರು, ನನ್ನ ನಂಬರು ಇವೆರಡನ್ನು ಹಾಗೆ ಇಟ್ಟು, ಫೋನನ್ನು ಆಚೆ ಕೋಣೆಯಲ್ಲಿಟ್ಟು ಬಾಗಿಲು ತೆರೆದಿರಲಿ. ಇದು ನಿನಗೆ ನನಗಿಂತ ಚೆನ್ನಾಗಿ ತಿಳಿದಿರಬಹುದು. ತಿಳಿದೂ ಮಾಡದೆ ಇರುವುದಕ್ಕೆ ಕಾರಣ ಬೇರೆಯಿರಬಹುದು ಎಂದು ನನಗೆ ಅನಿಸುವುದರಿಂದಲೇ ಬರೆಯುತ್ತಿದ್ದೇನೆ. ಫೋನನ್ನು ದೂರವಿಟ್ಟರೆ ಅಪ್ಪನನ್ನು ಇನ್ನೊಮ್ಮೆ ಬಿಟ್ಟುಕೊಟ್ಟಂತೆ ನಿನಗೆ ತೋರುತ್ತಿದೆಯೇನೋ. ಹಾಗಿದ್ದರೆ ಅದನ್ನು ನಿನ್ನ ಅಮ್ಮನ ಹತ್ತಿರ ಬಾಯಿಬಿಟ್ಟು ಹೇಳು. ಅತ್ತಿಗೆ ಗಟ್ಟಿಗಿತ್ತಿ, ಅವರಿಗೆ ನೋವಾಗುತ್ತದೆಂದು ನೀನು ಮುಚ್ಚಿಡಬೇಡ.

ಕಣ್ಣು ಮುಚ್ಚಿದೊಡನೆ ಎದೆ ಹೊಡೆದುಕೊಳ್ಳುವುದು, ಉಸಿರು ಸಿಕ್ಕದಂತಾಗುವುದು ಇದ್ದರೆ ಹಠ ಹಿಡಿದು ಕೂರಬೇಡ. ಕಣ್ಣು ತೆರೆ, ಎದ್ದು ಓಡಾಡು, ಆ ದಿನ ಬಿಟ್ಟುಬಿಡು. ಅದು ದಿನವೂ ಮರಳುತ್ತಿದ್ದರೆ ಡಾಕ್ಟರನ್ನು ಕಾಣು, ಅಥವಾ ಮನಸ್ಸಿನ ತೊಂದರೆಗೆ ನೆರವಾಗುವ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಸರ್ಕಾರದ್ದೇ, ದುಡ್ಡು ಕೊಡಬೇಕಾಗಿಲ್ಲ. ದುಃಖಕ್ಕೆ ಡಾಕ್ಟರೇಕೆ ಎಂದು ನಮ್ಮ ಕಾಲದವರು ಅನ್ನುತ್ತಿದ್ದೆವು. ನನಗೆ ಆಗ ಯಾರಾದರೂ ಹೀಗೆ ಹೇಳಿದ್ದರೆ ಎಷ್ಟೋ ರಾತ್ರಿಗಳು ಹಗುರಾಗುತ್ತಿದ್ದವು ಎಂದು ಈಗ ಅನಿಸುತ್ತದೆ.

ನಿನ್ನ ಕೆಳಗಿನ ಮನೆಯವರ ಫೋನ್ ನಂಬರನ್ನು ನನಗೂ ಅಮ್ಮನಿಗೂ ಕಳುಹಿಸು; ನಿನ್ನ ಫೋನ್ ಎತ್ತದಿದ್ದರೆ ಅವರು ಬಂದು ಬಾಗಿಲು ತಟ್ಟುತ್ತಾರೆ, ಆ ಬಗ್ಗೆ ಅವರಿಗೆ ಒಂದು ಮಾತು ಹೇಳಿಡು. ಬೆಳಿಗ್ಗೆ ಸರಿಯಾಗಿ ಎಷ್ಟು ಗಂಟೆಗೆ ಕೂರುತ್ತೀಯೆ ಎಂಬುದನ್ನೂ ಬರೆ. ನಾನು ಹೇಗಿದ್ದರೂ ಬೇಗ ಏಳುವವಳು, ವಾಕಿಂಗ್ ಮುಗಿಸಿ ಆ ಹೊತ್ತಿಗೆ ಅತ್ತಿಗೆಯ ಮನೆಗೆ ಹೋಗಿ ಕಾಫಿ ಕುಡಿದು, ನೀನು ಧ್ಯಾನದಿಂದ ಏಳುವವರೆಗೆ ಅವರ ಜೊತೆಯಲ್ಲೇ ಇರುತ್ತೇನೆ. ಅತ್ತಿಗೆಗೆ ಈಗಾಗಲೇ ಹೇಳಿಯಾಗಿದೆ, ಅವರು ಒಪ್ಪಿದ್ದಾರೆ.

ಇಂತಿ ನಿನ್ನ ಅತ್ತೆ