ಕಲ್ಲು ಸೇತುವೆಯ ಚರಿತ್ರೆ ದಾಖಲಿಸುವವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಕಡತ ಹುಡುಕುವ ಮೊದಲು, ಹೊಳೆಯ ನೀರು ಇಳಿದಾಗ ಸೇತುವೆಯ ಕೆಳಗೆ ಇಳಿದು ನೋಡಿ. ಕಮಾನಿನ ಒಳಮೈಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ನೇರವಾದ ಸಂದಿ ಇದ್ದು, ಅದರ ಎರಡು ಬದಿಯ ಕಲ್ಲುಗಳು ಒಂದಕ್ಕೊಂದು ಹೆಣೆದುಕೊಂಡಿಲ್ಲ ಅಂದರೆ ಸೇತುವೆಯನ್ನು ಆಮೇಲೆ ಅಗಲ ಮಾಡಿರುವ ಸಾಧ್ಯತೆ ಹೆಚ್ಚು. ಆಗ ಎರಡೂ ಭಾಗಗಳಿಗೆ ಬೇರೆ ಬೇರೆ ಕಾಲ. ಗೋಡೆಯಲ್ಲಿ ಕೆತ್ತಿದ ಇಸವಿ ಕಟ್ಟಿದ್ದೋ ದುರಸ್ತಿಯದ್ದೋ ಎಂದು ಖಚಿತವಾಗುವ ತನಕ ಅದನ್ನೇ ಹುಟ್ಟಿದ ವರ್ಷ ಎಂದು ಬರೆಯಬೇಡಿ.

ಗಾರೆಯನ್ನು ಗಮನವಿಟ್ಟು ನೋಡಿ. ಸುಣ್ಣದ ಗಾರೆ ತಿಳಿಬಣ್ಣದ್ದು, ಮೆದು. ಒಳಗೆ ಬಿಳಿ ಸುಣ್ಣದ ಹರಳು ಕಾಣುತ್ತವೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಈ ಸಿಮೆಂಟಿನ ಗಟ್ಟಿ ಬೂದು ಗಾರೆ ಹೊರಸಂದಿಯಲ್ಲಿ ಮಾತ್ರ ಇದ್ದರೆ ಅದು ನಂತರದ ತೇಪೆ, ಅದೂ ಕೆಟ್ಟ ತೇಪೆ: ತೇವ ಸಂದಿಯಿಂದ ಹೊರಬರಲಾಗದೆ ಕಲ್ಲಿನ ಮೂಲಕವೇ ಆರುತ್ತದೆ, ಮೆದು ಕಲ್ಲಾದರೆ ಅಂಚು ಪದರಪದರವಾಗಿ ಉದುರುತ್ತದೆ.

ಪ್ರತಿ ಕಮಾನಿನ ಅಗಲ, ಎತ್ತರ, ಕಮಾನುಗಲ್ಲಿನ ದಪ್ಪ ಅಳೆಯಿರಿ. ಫೋಟೋದಲ್ಲಿ ಅಳತೆಪಟ್ಟಿ ಇರಲಿ. ಸವೆದ ಅಕ್ಷರಕ್ಕೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು. ತಂತಿ ಬ್ರಷ್, ಆಸಿಡ್, ಬಣ್ಣ ದಯವಿಟ್ಟು ಬೇಡವೇ ಬೇಡ.

ಕಂಬದ ಬುಡದಲ್ಲಿ ಮಣ್ಣು ಕೊರೆದುಹೋಗಿದೆಯೇ ನೋಡಿ. ನೆರೆಯಲ್ಲಿ ಕಲ್ಲು ಸೇತುವೆ ಬೀಳುವುದು ಹೆಚ್ಚಾಗಿ ಇದರಿಂದಲೇ. ಸಂದಿಯಲ್ಲಿ ಬೆಳೆದ ಗಿಡ ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ, ಬುಡಕ್ಕೆ ಕತ್ತರಿಸಿ. ಕಮಾನಿನ ನೆತ್ತಿಯ ಕಲ್ಲು ಜಾರಿದ್ದು ಕಂಡರೆ ಕೆಳಗೆ ನಿಲ್ಲದೆ ಕೂಡಲೇ ಗುಂಪಿಗೆ ತಿಳಿಸಿ.